ನಿಮಗಿದು ಗೊತ್ತೇ? ಕಾರು ಜಾರಿದಾಗ ಬ್ರೇಕ್ ಹಾಕುವವರು ಯಾರು?

ಡ್ಯಾಶ್‌ಬೋರ್ಡಿನಲ್ಲೋ ಗೇರಿನ ಪಕ್ಕದಲ್ಲೋ ಒಂದು ಬಟನ್ ಇರುತ್ತದೆ. ಅದರ ಮೇಲೆ ಪುಟ್ಟ ಕಾರಿನ ಚಿತ್ರ, ಅಂಕುಡೊಂಕಾದ ಎರಡು ಗೆರೆ, ಜೊತೆಗೆ ‘ಆಫ್’ ಎಂಬ ಪದ. ಕಾರು ಕೊಂಡು ವರ್ಷಗಳಾದರೂ ಅದನ್ನು ಮುಟ್ಟದವರೇ ಹೆಚ್ಚು. ಮುಟ್ಟದಿದ್ದರೆ ನಷ್ಟವೇನೂ ಇಲ್ಲ. ತಿಳಿಯದೆ ಮುಟ್ಟಿದರೆ ಕಷ್ಟ.

● ಪೆಡಲ್ ಒತ್ತಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ನಾಲ್ಕರಲ್ಲಿ ಒಂದನ್ನೇ ಆರಿಸಿ ಹಿಡಿಯುವುದು ಎಂಥ ನುರಿತ ಡ್ರೈವರನಿಗೂ ಸಾಧ್ಯವಿಲ್ಲ, ಅಷ್ಟು ಪೆಡಲ್‌ಗಳೂ ಇಲ್ಲ, ಕಾಲುಗಳೂ ಇಲ್ಲ. ಆ ಬಟನ್ನಿನ ಹಿಂದಿರುವ ಇಎಸ್‌ಸಿ, ಅಂದರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಮಾಡುವುದು ಇದನ್ನೇ.

● ಯಾವ ಚಕ್ರವನ್ನು ಹಿಡಿಯಬೇಕು? ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುತ್ತಿದ್ದೀರಿ, ಎಡ ತಿರುವು ಬಂತು, ಕಾರಿನ ಹಿಂಭಾಗ ಬಲಕ್ಕೆ ಜಾರಿತು ಎಂದುಕೊಳ್ಳಿ. ಆಗ ಬ್ರೇಕ್ ಬೀಳುವುದು ಮುಂದಿನ ಬಲ ಚಕ್ರಕ್ಕೆ. ಕಾರಿನ ಮೂತಿ ಬಲಕ್ಕೆ ಎಳೆಯಲ್ಪಟ್ಟು ಹಿಂಭಾಗ ಸಾಲಿಗೆ ಬರುತ್ತದೆ. ಹಿಂಭಾಗ ಸರಿಯಾಗಿಯೇ ಇದ್ದು, ಮೂತಿಯೇ ತಿರುಗದೆ ನೇರ ಹೊರಟರೆ ಹಿಂದಿನ ಎಡ ಚಕ್ರಕ್ಕೆ ಬ್ರೇಕ್. ಬೇಕೆನಿಸಿದರೆ ಎಂಜಿನ್ನಿನ ಜೋರನ್ನೂ ತಗ್ಗಿಸುತ್ತದೆ, ನಿಮ್ಮ ಕಾಲು ಎಕ್ಸಲರೇಟರ್ ಮೇಲೆಯೇ ಇದ್ದರೂ ಸರಿ.

● ಇಷ್ಟೆಲ್ಲ ಮಾಡುವ ಈ ಯಂತ್ರಕ್ಕೆ ರಸ್ತೆ ಕಾಣುವುದಿಲ್ಲ! ಸ್ಟೇರಿಂಗ್ ಎಷ್ಟು ತಿರುಗಿದೆ, ನಾಲ್ಕು ಚಕ್ರಗಳು ಯಾವ ವೇಗದಲ್ಲಿ ಉರುಳುತ್ತಿವೆ, ಕಾರು ಎಷ್ಟು ಅಡ್ಡ ತಿರುಗುತ್ತಿದೆ ಎಂಬಂಥ ಸಂಗತಿಗಳಷ್ಟೇ ಅದಕ್ಕೆ ಗೊತ್ತು. ನೀವು ಹೊರಟ ದಿಕ್ಕಿಗೆ ಸ್ಟೇರಿಂಗ್ ಸಾಕ್ಷಿ, ಕಾರು ಹೊರಟ ದಿಕ್ಕಿಗೆ ಸೆನ್ಸರ್ ಸಾಕ್ಷಿ. ಇವೆರಡನ್ನೂ ಸೆಕೆಂಡಿಗೆ 25 ಸಲ ತಾಳೆ ನೋಡುತ್ತದೆ ಎನ್ನುತ್ತದೆ ಇದನ್ನು ತಯಾರಿಸುವ ಬಾಷ್ ಕಂಪನಿ. ಗಾಬರಿಯಲ್ಲಿ ನೀವು ಕಂದಕದ ಕಡೆಗೆ ಸ್ಟೇರಿಂಗ್ ಎಳೆದರೆ ಅದು ನಿಷ್ಠೆಯಿಂದ ಕಂದಕದ ಕಡೆಗೇ ಕರೆದೊಯ್ಯಲು ನೋಡುತ್ತದೆ. ಕಾರು ಜಾರಿದಾಗ ಮುಂದಿನ ಮರವನ್ನಲ್ಲ, ಹೋಗಬೇಕಾದ ದಾರಿಯನ್ನು ನೋಡಿ ಎಂದು ಡ್ರೈವಿಂಗ್ ಕಲಿಸುವವರು ಬಡಿದುಕೊಳ್ಳುವುದು ಇದಕ್ಕೇ. ಕಣ್ಣು ಹೋದ ಕಡೆ ಕೈ ಹೋಗುತ್ತದೆ, ಕೈ ಹೋದ ಕಡೆ ಇಎಸ್‌ಸಿ.

● ಕಾರು ಅಡ್ಡ ತಿರುಗಿದ್ದನ್ನು ಪತ್ತೆ ಹಚ್ಚುವ ಸೆನ್ಸರಿನೊಳಗೆ ಸದಾ ಕಂಪಿಸುವ ಸಿಲಿಕಾನ್ ಚೂರೊಂದು ಇರುತ್ತದೆ. ಕಾರು ತಿರುಗಿದರೆ ಆ ಕಂಪನ ತುಸು ಪಕ್ಕಕ್ಕೆ ಸರಿಯುತ್ತದೆ. ಇದೇ ಜಾತಿಯ ಸೆನ್ಸರ್ ನಿಮ್ಮ ಮೊಬೈಲಿನಲ್ಲೂ ಇದೆ. ಫೋನನ್ನು ಆಚೀಚೆ ತಿರುಗಿಸಿ ಆಟವಾಡುವ ಮಕ್ಕಳು ದಿನವೂ ಬಳಸುತ್ತಾರೆ.

● ಇಎಸ್‌ಸಿಗಿಂತ ಮೊದಲು ಬಂದದ್ದು, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ಕಾಯುವ ಎಬಿಎಸ್, 1978ರಲ್ಲಿ, ಮರ್ಸಿಡಿಸ್ ಎಸ್ ಕ್ಲಾಸ್ ಕಾರಿಗೆ. ಅದೇ ಸಾಲಿನ ಕೂಪೆಗೆ 1995ರಲ್ಲಿ ಇಎಸ್‌ಸಿ ಬಂತು, ಇಎಸ್‌ಪಿ ಎಂಬ ಹೆಸರಿನಲ್ಲಿ. ಎರಡಕ್ಕೂ ಕೈಜೋಡಿಸಿದ್ದು ಜರ್ಮನಿಯ ಬಾಷ್. ಬೆಂಗಳೂರಿನವರು ‘ಮೈಕೋ’ ಎಂದೇ ಕರೆಯುವ ಆಡುಗೋಡಿಯ ಕಂಪನಿ ಇದೇ ಬಾಷ್‌ನ ಭಾರತದ ಕವಲು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು. ಜನರ ಬಾಯಲ್ಲಿ ಇನ್ನೂ ಮೈಕೋ.

● ಕೋಟ್ಯಧೀಶರ ಕಾರಿನಲ್ಲಷ್ಟೇ ಇದ್ದ ಇಎಸ್‌ಪಿಯನ್ನು ಸಣ್ಣ ಕಾರಿಗೆ ಇಳಿಸಿದ್ದು ಒಂದು ಪತ್ರಿಕೆ! ಸ್ವೀಡನ್ನಿನ ರಸ್ತೆಗಳಿಗೆ ದೈತ್ಯ ಗಾತ್ರದ ಮೂಸ್ ಜಿಂಕೆಗಳು ಹಠಾತ್ತನೆ ನುಗ್ಗುತ್ತವೆ. ಅಂಥ ಅಡ್ಡಿ ಎದುರಾದಾಗ ಕಾರನ್ನು ಸರಕ್ಕನೆ ಪಕ್ಕಕ್ಕೆ ಎಳೆದು, ಮತ್ತೆ ತನ್ನ ಸಾಲಿಗೆ ತರುವ ಪರೀಕ್ಷೆಯೊಂದು ಅಲ್ಲಿದೆ. 1997ರ ಅಕ್ಟೋಬರಿನಲ್ಲಿ ‘ಟೆಕ್ನಿಕೆನ್ಸ್ ವೆರ್ಲ್ಡ್’ ಪತ್ರಿಕೆಯವರು ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಮರ್ಸಿಡಿಸ್ ಎ ಕ್ಲಾಸನ್ನು ಈ ಪರೀಕ್ಷೆಗೆ ಒಡ್ಡಿದರು. ಕಾರು ಮಗುಚಿ ಬಿತ್ತು. ಸುದ್ದಿ ಜಗತ್ತೆಲ್ಲ ಸುತ್ತಿತು. ಕಂಪನಿ ಮೊದಲು ವಾದಿಸಿತು, ಆಮೇಲೆ ವಿತರಣೆ ನಿಲ್ಲಿಸಿತು, ಸಸ್ಪೆನ್ಷನ್ ತಿದ್ದಿತು, ಪ್ರತಿ ಎ ಕ್ಲಾಸಿಗೂ ಇಎಸ್‌ಪಿ ಹಾಕಿಕೊಟ್ಟಿತು. ಅಷ್ಟು ಸಂಖ್ಯೆಯಲ್ಲಿ ತಯಾರಾದ ಮೇಲೆ ಬೆಲೆ ಇಳಿಯದೆ ಇರುತ್ತದೆಯೇ? ಜಾಹೀರಾತಿಗಾಗಿ ಕೋಟಿ ಕೋಟಿ ಸುರಿದಿದ್ದರೂ ಈ ತಂತ್ರಜ್ಞಾನಕ್ಕೆ ಇಂಥ ಪ್ರಚಾರ ಸಿಗುತ್ತಿರಲಿಲ್ಲ.

● ಟ್ರ್ಯಾಕ್ಷನ್ ಕಂಟ್ರೋಲ್ ಬೇರೆ, ಇಎಸ್‌ಸಿ ಬೇರೆ. ಮೊದಲನೆಯದು ಎಕ್ಸಲರೇಟರ್ ಒತ್ತಿದಾಗ ಚಕ್ರ ಸುಮ್ಮನೆ ಗಿರಗಿಟ್ಟಲೆಯಾಡದಂತೆ ನೋಡಿಕೊಳ್ಳುತ್ತದೆ. ಎರಡನೆಯದರ ಚಿಂತೆ ಇಡೀ ಕಾರಿನ ದಿಕ್ಕಿನದು. ಕೆಲಸ ಮಾಡುವ ಪಂಪು, ವಾಲ್ವುಗಳು ಮಾತ್ರ ಒಂದೇ.

● ಹಾಗಾದರೆ ಬಟನ್ ಒತ್ತಿ ಆಫ್ ಮಾಡುವುದು ಯಾವಾಗ? ಮಲ್ಪೆಯ ಮರಳಿನಲ್ಲೋ ಮಲೆನಾಡಿನ ತೋಟದ ದಾರಿಯಲ್ಲೋ ಚಕ್ರ ಹೂತಿತು. ಎಕ್ಸಲರೇಟರ್ ಒತ್ತಿದಷ್ಟೂ ಎಂಜಿನ್ ಸೊರಗುತ್ತದೆ, ಮೀಟರಿನಲ್ಲಿ ಹಳದಿ ದೀಪ ಮಿಣುಕುತ್ತದೆ. ಚಕ್ರ ಜಾರುತ್ತಿದೆ ಎಂದು ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ನಿನ ಕತ್ತು ಹಿಸುಕುತ್ತಿದೆ. ಇಂಥ ಕಡೆ ಚಕ್ರ ಕೊಂಚ ತಿರುಗಿ, ಮಣ್ಣು ಚಿಮ್ಮಿಸಿಯೇ ಮೇಲೆ ಬರಬೇಕು. ಆಗ ಆಫ್ ಮಾಡಿ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಒಂದು ಚಕ್ರ ಕೆಸರಿನಲ್ಲಿ, ಇನ್ನೊಂದು ಗಟ್ಟಿ ನೆಲದ ಮೇಲೆ ಇದ್ದರೆ ಆಫ್ ಮಾಡುವುದು ದಡ್ಡತನ. ಮಾಮೂಲಿ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮನಾದ ಬಲವನ್ನೇ ಹಂಚುತ್ತದೆ. ಕೆಸರಿನ ಚಕ್ರ ತಡೆಯಿಲ್ಲದೆ ತಿರುಗುತ್ತಿದ್ದರೆ ಗಟ್ಟಿ ನೆಲದ ಚಕ್ರಕ್ಕೂ ಸಿಗುವುದು ಅಷ್ಟೇ ಪುಡಿಗಾಸು. ಟ್ರ್ಯಾಕ್ಷನ್ ಕಂಟ್ರೋಲ್ ಕೆಸರಿನ ಚಕ್ರಕ್ಕೆ ಬ್ರೇಕ್ ಹಾಕಿದರೆ ಆ ಕಡೆ ತಡೆ ಹುಟ್ಟಿ, ಈ ಕಡೆಗೆ ಬಲ ಹರಿಯುತ್ತದೆ. ಟರ್‌ ಟರ್‌ ಸದ್ದು ಬಂದರೂ ಹೆದರದೆ, ಎಕ್ಸಲರೇಟರನ್ನು ಒಂದೇ ಹದದಲ್ಲಿ ಹಿಡಿದಿರಿ. ಕೆಲವು ಕಾರುಗಳಲ್ಲಿ ಬಟನ್ ಒತ್ತಿದರೆ ಎಂಜಿನ್ ತಗ್ಗಿಸುವುದಷ್ಟೇ ನಿಂತು, ಈ ಬ್ರೇಕ್ ಕೆಲಸ ಮುಂದುವರಿಯುತ್ತದೆ. ನಿಮ್ಮ ಕಾರಿನದು ಯಾವ ಬಗೆ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಆ ಪುಸ್ತಕ ಗ್ಲೌವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಇದೆ!

● ಆಫ್ ಅಂದರೆ ಪೂರ್ತಿ ಆಫ್ ಎಂದು ನಂಬಬೇಡಿ. ಬಹಳಷ್ಟು ಕಾರುಗಳಲ್ಲಿ ಒಮ್ಮೆ ಒತ್ತಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಮಾತ್ರ ನಿಲ್ಲುತ್ತದೆ, ಕೆಲವು ಸೆಕೆಂಡು ಒತ್ತಿ ಹಿಡಿದರೆ ಇಎಸ್‌ಸಿಯೂ. ಕೆಲವು ಕಾರುಗಳು ವೇಗ ಏರಿದೊಡನೆ ತಾವೇ ಆನ್ ಮಾಡಿಕೊಳ್ಳುತ್ತವೆ. ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗಲಂತೂ ಇಎಸ್‌ಸಿ ಆನ್ ಆಗಿಯೇ ಇರಬೇಕೆಂದು ಅಮೆರಿಕದ ನಿಯಮವೇ ಹೇಳುತ್ತದೆ. ಎಬಿಎಸ್‌ಗೆ ಈ ಬಟನ್ನಿನ ಸಂಬಂಧವಿಲ್ಲ, ಅದು ತನ್ನ ಪಾಡಿಗೆ ಇರುತ್ತದೆ.

● ಬಟನ್ ಸಾಲದೆಂದು ಫ್ಯೂಸ್ ಕೀಳುವ ಮಹಾಶಯರೂ ಇದ್ದಾರೆ. ಫ್ಯೂಸ್ ಕಿತ್ತರೆ ಎಬಿಎಸ್ ಸಹ ಹೋಗುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಕಚ್ಚಿಕೊಳ್ಳದಂತೆ ಕಾಯುವ ಇಬಿಡಿಯೂ ಹೋಗಬಹುದು. ರೀಲ್ಸ್ ಚೆನ್ನಾಗಿ ಬರಬಹುದು, ಕಾರು ಮನೆಗೆ ಬರುವುದು ಅನುಮಾನ.

● ಫಾರ್ಮುಲಾ ಒನ್ ರೇಸಿನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ನಿಷಿದ್ಧ. 1994ರಲ್ಲಿ ನಿಷೇಧಿಸಿ, 2001ರಲ್ಲಿ ಮತ್ತೆ ಬಿಟ್ಟು, 2008ರಲ್ಲಿ ಪುನಃ ತೆಗೆದುಹಾಕಿದರು. ಅಲ್ಲಿ ನೋಡಬೇಕಾದದ್ದು ಡ್ರೈವರನ ಕಾಲಿನ ಜಾಣ್ಮೆ ಎಂಬುದು ಕಾರಣ.

● ಇಎಸ್‌ಸಿ ಇದ್ದರೆ ಎಷ್ಟು ವೇಗದಲ್ಲಾದರೂ ತಿರುಗಬಹುದೇ? ಲೆಕ್ಕ ಹಾಕಿ ನೋಡಿ. 15 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವನ್ನು 30 ಕಿ.ಮೀ. ವೇಗದಲ್ಲಿ ದಾಟಲು ಟೈರುಗಳು ಕಾರಿನ ತೂಕದ ಅರ್ಧಕ್ಕೆ ಹತ್ತಿರದಷ್ಟು ಬಲವನ್ನು ಅಡ್ಡಕ್ಕೆ ಕೊಡಬೇಕು. 40 ಕಿ.ಮೀ. ಆದರೆ ಶೇ 80ಕ್ಕೂ ಹೆಚ್ಚು. ಹೆಚ್ಚಿದ್ದು ಹತ್ತೇ ಕಿಲೋಮೀಟರ್! ಒಣ ಡಾಂಬರು, ಒಳ್ಳೆಯ ಟೈರು ಇದ್ದರೆ ಹೇಗೋ ಆದೀತು. ನೆನೆದ ರಸ್ತೆಯಲ್ಲಿ ಸವೆದ ಟೈರಿಗೆ ಅಷ್ಟು ಹಿಡಿತ ಎಲ್ಲಿಂದ ಬರಬೇಕು? ಇರುವ ಹಿಡಿತವನ್ನು ಇಎಸ್‌ಸಿ ನಾಲ್ಕು ಚಕ್ರಕ್ಕೆ ಜಾಣತನದಿಂದ ಹಂಚೀತು, ಹೊಸದಾಗಿ ಹುಟ್ಟಿಸಲಾರದು.

● ದೀಪ ಮಿಣುಕಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ, ನಿಧಾನಿಸಿ ಎಂದರ್ಥ. ಉರಿದೇ ಇದ್ದರೆ ಆಫ್ ಆಗಿದೆ, ಇಲ್ಲವೇ ಕೆಟ್ಟಿದೆ. ವೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದ ಮೇಲೆ ಉರಿಯತೊಡಗಿದರೆ, ಸ್ಟೇರಿಂಗ್ ಸೆನ್ಸರಿನ ಸೊನ್ನೆ ಗುರುತನ್ನು ಮತ್ತೆ ಹೊಂದಿಸುವುದು ಬಿಟ್ಟುಹೋಗಿರಬಹುದು. ಕಾರು ನೇರ ಓಡುತ್ತಿದ್ದರೂ ಅದಕ್ಕೆ ನೀವು ಸದಾ ತಿರುಗುತ್ತಿರುವಂತೆ ತೋರುತ್ತದೆ.

● ಅಮೆರಿಕದ ಸಾರಿಗೆ ಸುರಕ್ಷತಾ ಸಂಸ್ಥೆ ಇಎಸ್‌ಸಿ ಕುರಿತ ನಿಯಮ ತರುವಾಗ ಹಾಕಿದ ಅಂದಾಜು: ಬೇರೆ ವಾಹನದ ಪಾತ್ರವಿಲ್ಲದೆ ಒಂಟಿ ಕಾರು ಮಾಡಿಕೊಳ್ಳುವ ಅಪಘಾತ ಶೇ 34ರಷ್ಟು, ಎಸ್‌ಯುವಿಯದು ಶೇ 59ರಷ್ಟು ತಗ್ಗುತ್ತದೆ. ಎತ್ತರದ ಗಾಡಿಗೇ ಇದು ಹೆಚ್ಚು ಬೇಕು.

● ನಮ್ಮಲ್ಲಿ 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ಸ್ಟಾರ್ ಅಥವಾ ಹೆಚ್ಚು ಬೇಕಿದ್ದರೆ ಇಎಸ್‌ಸಿ ಇರಲೇಬೇಕು. ಟೊಯೊಟಾ ಇದನ್ನು ವಿಎಸ್‌ಸಿ ಎನ್ನುತ್ತದೆ, ಹೋಂಡಾ ವಿಎಸ್‌ಎ, ಬಿಎಂಡಬ್ಲ್ಯು ಡಿಎಸ್‌ಸಿ. ಶೋರೂಮಿನಲ್ಲಿ ‘ಎಬಿಎಸ್ ಇದೆ ಸರ್, ಅದೇ ಇದು’ ಎಂದರೆ ಒಪ್ಪಬೇಡಿ. ನೀವು ಬುಕ್ ಮಾಡುವ ವೇರಿಯಂಟಿನ ಪಟ್ಟಿಯಲ್ಲಿ ಈ ಹೆಸರುಗಳಲ್ಲಿ ಒಂದನ್ನು ತೋರಿಸಲು ಹೇಳಿ.