ಅಪ್ಪನ ಉಸಿರಿನೊಡನೆ ನಿಲ್ಲುವ ಜೀವನಾಂಶ

ತೆಂಗಿನ ಮರಕ್ಕೂ ವಿಮೆ ಇದೆ. ತೆಂಗು ಅಭಿವೃದ್ಧಿ ಮಂಡಳಿಯ ಯೋಜನೆಯಲ್ಲಿ 16ರಿಂದ 60 ವರ್ಷದ ಮರವೊಂದಕ್ಕೆ ವರ್ಷಕ್ಕೆ 14 ರೂಪಾಯಿ ಕಂತು. ಅದರಲ್ಲಿ ಅರ್ಧ ಮಂಡಳಿಯದು, ಕಾಲು ಭಾಗ ರಾಜ್ಯ ಸರ್ಕಾರದ್ದು. ರೈತ ಕೊಡಬೇಕಾದ್ದು ಮೂರೂವರೆ ರೂಪಾಯಿ. ಸಿಡಿಲು ಬಡಿದೋ ರೋಗ ತಗುಲಿಯೋ ಮರ ಹೋದರೆ 1,750 ರೂಪಾಯಿ ಸಿಗುತ್ತದೆ. ಆ ತೋಟದ ಆದಾಯದಿಂದ ಮಗುವಿಗೆ ತಿಂಗಳು ತಿಂಗಳು ಜೀವನಾಂಶ ಕೊಡಬೇಕಾದ ಅಪ್ಪನೇ ಹೋದರೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ವಿಚ್ಛೇದನದ ರಾಜಿ ಮಾತಿಗೆ ಕೂತವರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದು ಅಪರೂಪ. ಸಾವಿನ ಮಾತು ಅಪಶಕುನ ಅನ್ನಿಸುತ್ತದೆ.

ಆದೇಶಕ್ಕೆ ಎಷ್ಟು ಆಯಸ್ಸು?

ಮಗುವಿನ ಖರ್ಚಿಗೆ ತಿಂಗಳಿಗೆ ಇಷ್ಟು ಎಂದು ನ್ಯಾಯಾಲಯ ಗೊತ್ತುಮಾಡುತ್ತದೆ. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ನಡೆಯುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ಹಣ ಕೊಡದೆ ತಪ್ಪಿಸಿಕೊಳ್ಳುವವನಿಗೆ ವಾರಂಟ್ ಉಂಟು, ಜೈಲೂ ಉಂಟು. ತೀರಿಕೊಂಡವನ ಮೇಲೆ ಮಾತ್ರ ವಾರಂಟ್ ಹೊರಡುವುದಿಲ್ಲ.

ಹಾಗೆಂದು ಮಗು ಬರಿಗೈಯಾಗುವುದಿಲ್ಲ. ವಿಚ್ಛೇದನ ಗಂಡ ಹೆಂಡಿರ ನಡುವಿನದು. ಅಪ್ಪನ ಆಸ್ತಿಗೆ ಮಗು ವಾರಸುದಾರನೇ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 22ನೇ ಕಲಮಿನಂತೆ, ಸತ್ತವನ ಆಸ್ತಿ ಪಡೆದವರು ಅದರಿಂದಲೇ ಅವನ ಅವಲಂಬಿತರನ್ನೂ ಸಾಕಬೇಕು. ತೊಡಕು ಇರುವುದು ಕಾಲದಲ್ಲಿ. ಪಹಣಿ ಇನ್ನೂ ತಾತನ ಹೆಸರಲ್ಲಿ, ಅಣ್ಣತಮ್ಮಂದಿರಲ್ಲಿ ಭಾಗವಾಗಿಲ್ಲ, ತೋಟದ ಮೇಲೆ ಸೊಸೈಟಿ ಸಾಲ. ವಿಭಾಗದ ದಾವೆ ಮುಗಿಯುವಷ್ಟರಲ್ಲಿ ಒಂದನೇ ಕ್ಲಾಸಿನ ಮಗು ಕಾಲೇಜು ಮುಗಿಸಿರಬಹುದು. ಅಲ್ಲಿಯವರೆಗೆ ಕಾಯಿ ಕೀಳಿಸುವವರು ದೊಡ್ಡಪ್ಪ ಚಿಕ್ಕಪ್ಪಂದಿರು. ತಕ್ಷಣಕ್ಕೆ ಬೇಕಾದದ್ದು ನಗದು, ಅದನ್ನು ಕೊಡುವುದು ವಿಮೆ.

ಅಲ್ಲಿ ಆದೇಶ, ಇಲ್ಲಿ ರಾಜಿ

ಅಮೆರಿಕದ ಹಲವು ರಾಜ್ಯಗಳಲ್ಲಿ ನ್ಯಾಯಾಧೀಶರೇ ಇಂಥ ವಿಮೆಯನ್ನು ಆದೇಶಿಸಬಲ್ಲರು. ಜೀವನಾಂಶ ಕೊಡಬೇಕಾದವರು ಜೀವವಿಮೆ ಮಾಡಿಸಿ, ಹಣ ಮಕ್ಕಳಿಗೆ ಸೇರುವಂತೆ ಬರೆಸಿ, ಕಂತು ತಪ್ಪದೆ ಕಟ್ಟಬೇಕು ಎಂದು ಹೇಳುವ ಅಧಿಕಾರವನ್ನು ನ್ಯೂಯಾರ್ಕ್‌ನ ಕೌಟುಂಬಿಕ ಕಾನೂನು ನ್ಯಾಯಾಲಯಕ್ಕೆ ಕೊಟ್ಟಿದೆ.

ನಮ್ಮ ಜೀವನಾಂಶದ ಕಾಯ್ದೆಗಳಲ್ಲಿ ‘ವಿಮೆ ಮಾಡಿಸು’ ಎನ್ನುವ ಪ್ರತ್ಯೇಕ ಕಲಮು ಇಲ್ಲ. ಆದರೆ ದಾರಿ ಇದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಇಬ್ಬರೂ ಒಪ್ಪಿ ಬೇರೆಯಾಗುವಾಗ ಬರೆದುಕೊಳ್ಳುವ ರಾಜಿಪತ್ರದಲ್ಲಿ ವಿಮೆಯ ಷರತ್ತನ್ನೂ ಸೇರಿಸಬಹುದು. ಆ ಷರತ್ತು ಡಿಕ್ರಿಯ ಭಾಗವಾದರೆ ಅದಕ್ಕೆ ನ್ಯಾಯಾಲಯದ ಬಲ ಬರುತ್ತದೆ.

ಎಷ್ಟು ಕೇಳಬೇಕು ಎಂಬುದಕ್ಕೂ ಆಧಾರ ಸಿಗುತ್ತದೆ. 2020ರ ನವೆಂಬರ್ 4ರ ರಜನೇಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಸಲ್ಲಿಸಬೇಕು ಎಂದಿತು. ಕೃಷಿಕರಿಗೆ ಬೇರೆಯದೇ ನಮೂನೆ: ಜಮೀನು ಎಷ್ಟು, ಖುಷ್ಕಿಯೋ ತರಿಯೋ, ಬೆಳೆ ಯಾವುದು, ಹಿಂದಿನ ಮೂರು ವರ್ಷದ ಆದಾಯ, ದನಕರು, ಸಾಲ. ಮೂರು ವರ್ಷ ಕೇಳುವುದು ನಮ್ಮ ಸೀಮೆಗೆ ಸರಿಯಾದ ಅಳತೆ. 2023ರಲ್ಲಿ ಕ್ವಿಂಟಲ್‌ಗೆ 10 ಸಾವಿರದ ಕೆಳಗಿಳಿದಿದ್ದ ಉಂಡೆ ಕೊಬ್ಬರಿ 2025ರಲ್ಲಿ 20 ಸಾವಿರ ದಾಟಿತು. ಒಂದೇ ವರ್ಷದ ಲೆಕ್ಕ ಹಿಡಿದರೆ ಯಾರಾದರೂ ಒಬ್ಬರಿಗೆ ಮೋಸವಾಗುತ್ತದೆ.

ಒಂದು ಲೆಕ್ಕ

ಮಗುವಿಗೆ 6 ವರ್ಷ, ಜೀವನಾಂಶ ತಿಂಗಳಿಗೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. 18 ತುಂಬುವವರೆಗೆ ಒಟ್ಟು 7,20,000. ಮಗುವಿಗೆ 12 ಆದಾಗ ಉಳಿಯುವುದು 3,60,000. ಹಾಗಾಗಿ ವಿಮೆಯ ಮೊತ್ತ ಮೊದಲ ವರ್ಷಗಳಲ್ಲಿ ದೊಡ್ಡದಿರಬೇಕು. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ. ಸಿಗುವುದು 2 ಲಕ್ಷ, ಅಂದರೆ 40 ತಿಂಗಳ ಜೀವನಾಂಶ. ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ಸಾಲದು. ಅದರ ವರ್ಷ ಜೂನ್ 1ಕ್ಕೆ ಶುರು. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿಲ್ಲದಿದ್ದರೆ ವಿಮೆ ಅಲ್ಲಿಗೇ ತುಂಡಾಗುತ್ತದೆ.

ಸರ್ಕಾರಿ ನೌಕರನ ಮಾತು ಬೇರೆ. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಆರಂಭವಾದ, ಇಂದು ಕೆಜಿಐಡಿ ಎನ್ನುವ ಇಲಾಖೆಯ ವಿಮೆ ರಾಜ್ಯ ಸರ್ಕಾರಿ ನೌಕರರಿಗೆ ಕಡ್ಡಾಯ. ಕಂತು ಸಂಬಳದಲ್ಲೇ ಕಡಿತವಾಗುತ್ತದೆ. ತೋಟದವನಿಗೆ ಅಂಥ ಒತ್ತಾಯ ಇಲ್ಲ. ರಾಜಿಪತ್ರವೇ ಆ ಒತ್ತಾಯವಾಗಬೇಕು.

ನಾಮಿನಿ ಎಂಬ ನಂಬಿಕೆ

‘ಎಲ್‌ಐಸಿ ಕಟ್ಟಿದ್ದೀನಿ, ಮಗೂನೇ ನಾಮಿನಿ’ ಎಂದರೆ ಸಾಕೆ? ಸಾಲದು. ಪಾಲಿಸಿದಾರ ನಾಮಿನಿಯನ್ನು ಬೇಕೆಂದಾಗ ಬದಲಿಸಬಹುದು, ಪಾಲಿಸಿ ಮೇಲೆ ಸಾಲವನ್ನೂ ಎತ್ತಬಹುದು. 2025ರಲ್ಲಿ ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠದ ಮುಂದೆ ಬಂದ ಪ್ರಕರಣವೊಂದರಲ್ಲಿ, ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಗಳಲ್ಲಿ ತಾಯಿ ನಾಮಿನಿ. ಮದುವೆಯಾಗಿ ಮಗನಾದ ಮೇಲೂ ಹೆಸರು ಬದಲಿಸದೆ ಆತ ತೀರಿಕೊಂಡಿದ್ದ. ನಾಮಿನಿ ಎಂಬ ಕಾರಣಕ್ಕೆ ವಾರಸಾ ಹಕ್ಕು ಅಳಿಯುವುದಿಲ್ಲ ಎಂದು ನ್ಯಾಯಮೂರ್ತಿ ಅನಂತ ರಾಮನಾಥ ಹೆಗಡೆ ತೀರ್ಪಿತ್ತರು. ತಾಯಿ, ಹೆಂಡತಿ, ಮಗ ಮೂವರಿಗೂ ತಲಾ ಮೂರನೇ ಒಂದು ಪಾಲು. ಅಲ್ಲಿ ಮಗುವಿಗೆ ಪಾಲು ಸಿಕ್ಕಿತು, ಕೋರ್ಟು ಸುತ್ತಿದ ಮೇಲೆ.

ಇದಕ್ಕಿಂತ ಗಟ್ಟಿ ದಾರಿ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಕಲಮು. ಪಾಲಿಸಿ ಮಾಡಿಸುವಾಗಲೇ ‘ಇದು ನನ್ನ ಮಕ್ಕಳ ಹಿತಕ್ಕಾಗಿ’ ಎಂದು ಬರೆಸಿದರೆ ಅದು ಅವರ ಹೆಸರಿನ ನ್ಯಾಸವಾಗುತ್ತದೆ. ಆ ಹಿತ ಉಳಿದಿರುವವರೆಗೆ ಅದು ಅಪ್ಪನ ಹಿಡಿತಕ್ಕೆ ಬರುವುದಿಲ್ಲ, ಅವನಿಗೆ ಸಾಲ ಕೊಟ್ಟವರ ಕೈಗೂ ಸಿಗುವುದಿಲ್ಲ, ಅವನ ಆಸ್ತಿಯಲ್ಲಿ ಸೇರಿ ಪಾಲಾಗುವುದೂ ಇಲ್ಲ. ಹಳೇ ಪಾಲಿಸಿಗೆ ಆಮೇಲೆ ಇದನ್ನು ಅಂಟಿಸಲಾಗದು. ಅರ್ಜಿಯ ದಿನವೇ ಕೇಳಬೇಕು. ಹಣವನ್ನು ನೋಡಿಕೊಳ್ಳುವ ಟ್ರಸ್ಟಿಯನ್ನೂ ಹೆಸರಿಸಬಹುದು. ಅದು ತಾಯಿಯೋ ಇಬ್ಬರೂ ನಂಬುವ ಹಿರಿಯರೋ ಎಂಬುದನ್ನು ಆಗಲೇ ತೀರ್ಮಾನಿಸಿ.

ರಾಜಿಪತ್ರದಲ್ಲಿ ಹೀಗೆ ಬರೆಸಿ

‘ಮಗುವಿಗೆ ವಿಮೆ ಮಾಡಿಸತಕ್ಕದ್ದು’ ಎಂಬ ಒಂದು ಸಾಲು ಯಾರನ್ನೂ ಕಟ್ಟಿಹಾಕುವುದಿಲ್ಲ. ಪಾಲಿಸಿ ಸಂಖ್ಯೆ, ಮೊತ್ತ, ಯಾರ ಹಿತಕ್ಕೆ, ಎಂದಿನವರೆಗೆ ಎಂಬುದು ಅದರಲ್ಲಿರಲಿ. ಕಂತನ್ನು ಕೊಬ್ಬರಿ ಮಾರುವ ತಿಂಗಳಿಗೆ ಹೊಂದಿಸಿ, ವರ್ಷಕ್ಕೊಮ್ಮೆ ಎಂದಿಡಿ. ಕಟ್ಟಿದ ರಸೀದಿಯ ಪ್ರತಿ 15 ದಿನದೊಳಗೆ ತಾಯಿಗೆ ತಲುಪಬೇಕು ಎಂದಿರಲಿ. ತಪ್ಪಿದರೆ ತಾಯಿ ಕಟ್ಟಿ, ಆ ಹಣವನ್ನು ಜೀವನಾಂಶದ ಬಾಕಿಯೊಡನೆ ವಸೂಲು ಮಾಡಬಹುದು ಎಂದೂ ಸೇರಿಸಿ. ತೋಟ ಅವನ ಸ್ವಂತ ಹೆಸರಲ್ಲಿದ್ದರೆ ಅದರ ಮೇಲೆ ಜೀವನಾಂಶದ ಋಣಭಾರವನ್ನು ಡಿಕ್ರಿಯಲ್ಲೇ ಬರೆಸಬಹುದು.

ವಕೀಲರ ಫೀಸು ಹೊಂದಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ನೆರವು ಉಚಿತ. ಅಟ್ಟದ ಕಾಯನ್ನು ಕಿವಿಯ ಹತ್ತಿರ ಅಲುಗಿಸಿ, ಕೊಬ್ಬರಿ ಬಿಟ್ಟಿದೆಯೇ ಎಂದು ನೋಡಿಯೇ ಒಡೆಯುವವರು ನಾವು. ರಾಜಿಪತ್ರವನ್ನೂ ಸಹಿಗೆ ಮುಂಚೆ ಒಮ್ಮೆ ಹಾಗೆ ಅಲುಗಿಸಿ ನೋಡಿ.