ಬೀಜದ ಅಂಗಿಗೆ ಬೆಳಕಿನ ಪರೀಕ್ಷೆ

ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ ಗೋವಿನಜೋಳದ ಪಾಕೀಟು ಒಡೆದು ನೋಡಿ. ಕಾಳಿಗೆ ಬಣ್ಣದ ಅಂಗಿ! ಎಷ್ಟೋ ಬೀಜಗಳಲ್ಲಿ ಅದು ಬರೀ ಬಣ್ಣವಲ್ಲ, ಔಷಧದ ಪುಡಿ ಉದುರದಂತೆ ಹಿಡಿದಿಡುವ ತೆಳು ಪಾಲಿಮರ್ ಲೇಪನವೂ ಹೌದು.

ಈ ಅಂಗಿಗೆ ಬುದ್ಧಿ ಬಂದರೆ? ಬಿಸಿ, ತೇವ, ಆಮ್ಲೀಯತೆ ಬದಲಾದಾಗ ತಾನೂ ಬದಲಾಗುವ ಪಾಲಿಮರ್‌ಗಳಿವೆ. ಅಮೆರಿಕದ ಲ್ಯಾಂಡೆಕ್ ಕಂಪನಿಯ 'ಇಂಟೆಲಿಕೋಟ್' ಲೇಪನ ಮಣ್ಣು ಬೆಚ್ಚಗಾಗುವವರೆಗೆ ಬೀಜಕ್ಕೆ ನೀರು ಬಿಡುತ್ತಿರಲಿಲ್ಲ. ಅಲ್ಲಿಯ ತೊಂದರೆ ತಂಪು ಮಣ್ಣು. ನಮ್ಮದು ಬೇರೆ: ಮೊದಲ ಮಳೆಗೆ ಬಿತ್ತುತ್ತೇವೆ, ಮಳೆ ಕೈಕೊಡುತ್ತದೆ, ಮೊಳಕೆ ಒಣಗುತ್ತದೆ, ಮತ್ತೆ ಬೀಜಕ್ಕೆ ಸಾಲ. ಹದ ತೇವ ಸಿಗುವವರೆಗೆ ಕಾಯುವ ಅಂಗಿ ನಮಗೆ ಬೇಕು. ಅದನ್ನು ಅಮೆರಿಕದವರು ಮಾಡಿಕೊಡಲಾರರು.

ಇದಕ್ಕೆ ಬೇಕಾದ ವಿದ್ಯೆ ಪಕ್ಕದಲ್ಲೇ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ತೇಜರಾಜ ಅಮಿನಭಾವಿ ಅವರ ತಂಡ ಕಡಲಪಾಚಿಯಿಂದ ಬರುವ ಆಲ್ಜಿನೇಟ್‌ನ ಮಣಿಗಳಲ್ಲಿ ಕೀಟನಾಶಕ ತುಂಬಿ, ಅದು ನಿಧಾನವಾಗಿ ಹೊರಬರುವಂತೆ ಮಾಡಿತ್ತು. ಪ್ರಚೋದನೆಗೆ ಸ್ಪಂದಿಸುವ ಹೈಡ್ರೋಜೆಲ್‌ಗಳ ಬಗ್ಗೆ ಅವರು ಸಹಲೇಖಕರೊಂದಿಗೆ ಬರೆದ ಸಮೀಕ್ಷಾ ಲೇಖನ 2002ರಲ್ಲೇ ಪ್ರಕಟವಾಗಿದೆ.

ಅಂಗಿ ನಿಜವಾಗಿ ಸ್ಪಂದಿಸಿತೋ ಇಲ್ಲವೋ ತಿಳಿಯುವುದು ಹೇಗೆ? ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ಲ್ಯಾಬಿನಲ್ಲಿ ಅಳೆಯುವುದು ಕಣ್ಣಿಗೆ ಕಾಣುವ ಬೆಳಕಿನಿಂದ, 460 ನ್ಯಾನೊಮೀಟರ್‌ನಲ್ಲಿ. ಇಲ್ಲಿ ಬೇಕಾದದ್ದು ಕಾಣದ ಅವಕೆಂಪು ಬೆಳಕು. ಅಣುವಿನ ಒಂದೊಂದು ಬಂಧವೂ ತನಗೆ ಹೊಂದುವ ಅವಕೆಂಪನ್ನಷ್ಟೇ ಹೀರುತ್ತದೆ. ಆಮ್ಲ ಗುಂಪಿರುವ ಪಾಲಿಮರ್ 1700ರ ಆಸುಪಾಸಿನಲ್ಲಿ ಶಿಖರ ತೋರಿಸುತ್ತದೆ. ಕ್ಷಾರೀಯ ನೀರು ತಗುಲಿದರೆ ಆ ಶಿಖರ ಕುಗ್ಗಿ 1560ರ ಬಳಿ ಹೊಸದು ಏಳುತ್ತದೆ. ನಮ್ಮ ಎರೆಮಣ್ಣು ಸಾಮಾನ್ಯವಾಗಿ ಕ್ಷಾರೀಯ ಎಂಬುದು ನೆನಪಿರಲಿ. 'ಎಟಿಆರ್' ವಿಧಾನದಲ್ಲಿ ಲೇಪನವನ್ನು ಹರಳಿನ ಮೇಲೆ ಒತ್ತಿದರೆ ಸಾಕು, ಮೇಲಿನ ಒಂದೆರಡು ಮೈಕ್ರೊಮೀಟರ್ ಪದರವನ್ನು ಮಾತ್ರ ಬೆಳಕು ಓದುತ್ತದೆ. ಕಿರಿಕಿರಿಯೆಂದರೆ ನೀರು. ಅದರದೇ ಶಿಖರ 1640ರ ಬಳಿ ಎದ್ದು ಉಳಿದದ್ದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಒಣಗಿಸಿ ನೋಡುವುದು ಕ್ಷೇಮ.

ನಾವು ಎಂ.ಎಸ್‌ಸಿ.ಯಲ್ಲಿ ಈ ಅಂಕಿಗಳನ್ನು ಬಾಯಿಪಾಠ ಮಾಡುತ್ತೇವೆ, ಯಂತ್ರ ಮುಟ್ಟುವುದು ಅಪರೂಪ. ನನಗೊಂದು ಸಂದರ್ಶನದಲ್ಲಿ ಪಟ್ಟಿ ಕೇಳಲಿಲ್ಲ, 'ಈ ಶಿಖರ ಯಾಕೆ ಸರಿಯಿತು?' ಎಂದಷ್ಟೇ ಕೇಳಿದರು. ಬೀಜದ ಊರಿನಲ್ಲಿದ್ದುಕೊಂಡು ಪ್ರಾಜೆಕ್ಟಿಗೆ ಹಳೆಯ ವಿಷಯವನ್ನೇ ನಕಲು ಮಾಡುವುದೇಕೆ? ಆಲ್ಜಿನೇಟ್, ಕ್ಯಾಲ್ಸಿಯಂ ಕ್ಲೋರೈಡ್ ದುಬಾರಿಯಲ್ಲ. ಸ್ಪೆಕ್ಟ್ರಮ್ ತೆಗೆಸಲು ಧಾರವಾಡಕ್ಕೆ ಹೋಗಿಬರಬಹುದು. ಬೆಳೆಯ ಬಗ್ಗೆ ಕೇಳಲು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ. ಮೊಳಕೆ ಪರೀಕ್ಷೆಗಂತೂ ಯಂತ್ರವೇ ಬೇಡ: ನೂರು ಕಾಳು, ಒದ್ದೆ ಕಾಗದ, ಏಳು ದಿನ.