ಚಿತ್ರಗಳ ಲಿಪಿಕಾರರು

ಹಳೆಯ ಕಾವ್ಯಗಳನ್ನು ಸಂಪಾದಿಸುವವರಿಗೆ ಲಿಪಿಕಾರನ ಪರಿಚಯ ಚೆನ್ನಾಗಿ ಉಂಟು. ಮೂಲದ ಓಲೆಗರಿಯನ್ನು ಮುಂದಿಟ್ಟುಕೊಂಡು ಇನ್ನೊಂದು ಪ್ರತಿಯನ್ನು ಬರೆಯುವಾಗ ಒಬ್ಬನು ಕಂಡದ್ದನ್ನು ಕಂಡಂತೆಯೇ ಇಳಿಸುತ್ತಾನೆ. ಇನ್ನೊಬ್ಬನು ಅರ್ಥವಾಗದ ಕಡೆಯಲ್ಲಿ ತನಗೆ ತೋರಿದ್ದನ್ನು ಸೇರಿಸಿ ನಯಗೊಳಿಸುತ್ತಾನೆ. ಮತ್ತೊಬ್ಬನು ಅವಸರದಲ್ಲಿ ಪಂಕ್ತಿಗಳನ್ನೇ ನುಂಗಿಬಿಡುತ್ತಾನೆ. ಪಾಠಾಂತರಗಳೆಂದು ನಾವು ಅಡಿಟಿಪ್ಪಣಿಯಲ್ಲಿ ಕೊಡುವುದೆಲ್ಲ ಬಹುಮಟ್ಟಿಗೆ ಈ ಮೂವರ ಚರಿತ್ರೆಯೇ. ಓಲೆಗರಿಯ ಕಾಲದೊಡನೆ ಲಿಪಿಕಾರನ ಕಾಲವೂ ಮುಗಿಯಿತೆಂದು ತಿಳಿಯುವುದು ಸಹಜ. ಆದರೆ ಇಂದು ಅದೇ ಓಲೆಗರಿಯ ಮೇಲೆ ಕ್ಯಾಮೆರಾ ಹಿಡಿದಾಗಲೂ, ಅಜ್ಜನ ಕೈಬರಹದ ಪತ್ರವನ್ನು ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟಾಗಲೂ ಒಳಗೆ ಒಬ್ಬ ಲಿಪಿಕಾರ ಕುಳಿತು ಪ್ರತಿ ಮಾಡುತ್ತಲೇ ಇರುತ್ತಾನೆ. ಅವನ ಗುರುತು ಫೈಲಿನ ಹೆಸರಿನ ಕೊನೆಯಲ್ಲಿ, ಚುಕ್ಕಿಯಾದ ಮೇಲೆ, ಮೂರು ನಾಲ್ಕು ಅಕ್ಷರಗಳಲ್ಲಿ ಇರುತ್ತದೆ: ಜೆಪೆಗ್, ಪಿಎನ್‌ಜಿ, ಜಿಫ್, ಟಿಫ್. ಬಹುಮಂದಿ ಇವನ್ನು ಕಂಪನಿಯ ಮುದ್ರೆಯೆಂದು ಭಾವಿಸಿ ಮುಂದೆ ಹೋಗುತ್ತಾರೆ. ಇವು ಮುದ್ರೆಗಳಲ್ಲ, ಸ್ವಭಾವಗಳು. ಯಾವ ಸ್ವಭಾವದ ಲಿಪಿಕಾರನ ಕೈಗೆ ನಮ್ಮ ಮೂಲಪ್ರತಿಯನ್ನು ಒಪ್ಪಿಸುತ್ತಿದ್ದೇವೆ ಎಂಬುದನ್ನು ತಿಳಿದಿರುವುದು ಸಾಹಿತ್ಯದವರಿಗೂ ಅವಶ್ಯವೆಂದು ನನಗೆ ಮನವರಿಕೆಯಾಗಿದೆ.

ಮೊದಲು ಗಣಕಯಂತ್ರಕ್ಕೆ ಚಿತ್ರವೆಂದರೆ ಏನೆಂಬುದನ್ನು ನೋಡೋಣ. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕಿರ್ಶ್ ಎಂಬುವರು ತಮ್ಮ ಎಳೆಯ ಮಗುವಿನ ಭಾವಚಿತ್ರವೊಂದನ್ನು ಯಂತ್ರದಿಂದ ಓದಿಸಿದರು. ಅಗಲಕ್ಕೆ 176, ಎತ್ತರಕ್ಕೆ 176, ಒಟ್ಟು 30,976 ಪುಟ್ಟ ಚೌಕಗಳಾಗಿ ಆ ಚಿತ್ರ ಒಡೆಯಿತು. ಈ ಚೌಕವನ್ನೇ ಇಂದು ನಾವು ಪಿಕ್ಸೆಲ್ ಎನ್ನುತ್ತೇವೆ. ಬಣ್ಣದ ಚಿತ್ರದಲ್ಲಿ ಪ್ರತಿಯೊಂದು ಪಿಕ್ಸೆಲ್ಲಿಗೂ ಮೂರು ಅಂಕಿಗಳು: ಕೆಂಪು ಎಷ್ಟು, ಹಸುರು ಎಷ್ಟು, ನೀಲಿ ಎಷ್ಟು. ಒಂದೊಂದೂ ಸಾಮಾನ್ಯವಾಗಿ ಸೊನ್ನೆಯಿಂದ 255ರ ವರೆಗೆ. ಚಿತ್ರವೆಂಬುದು ಅಂಕಿಗಳ ಒಂದು ದೊಡ್ಡ ಕಗ್ಗವಲ್ಲದೆ ಬೇರೇನೂ ಅಲ್ಲ.

ಎಷ್ಟು ದೊಡ್ಡದು? ಎ4 ಅಳತೆಯ ಒಂದು ಹಾಳೆಯನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಅಗಲಕ್ಕೆ 2,480, ಎತ್ತರಕ್ಕೆ 3,508 ಪಿಕ್ಸೆಲ್ಲುಗಳು. ಗುಣಿಸಿದರೆ ಸುಮಾರು 87 ಲಕ್ಷ. ಒಂದೊಂದಕ್ಕೆ ಮೂರು ಬೈಟಿನಂತೆ 2 ಕೋಟಿ 61 ಲಕ್ಷ ಬೈಟುಗಳು, ಎಂದರೆ 26 ಮೆಗಾಬೈಟು. ಒಂದೇ ಒಂದು ಹಾಳೆಗೆ ಇದು. ಕಣಜ ಚಿಕ್ಕದು, ಧಾನ್ಯ ಬಹಳ ಎಂಬ ಈ ಪೀಕಲಾಟದಿಂದಲೇ ಎಲ್ಲ ಮಾದರಿಗಳೂ ಹುಟ್ಟಿದವು. ಅಂಕಿಗಳನ್ನು ಬಹುಮಟ್ಟಿಗೆ ಇದ್ದಂತೆಯೇ ಸುರಿದಿಡುವ ಬಿಎಂಪಿ ಎಂಬ ಹಳೆಯ ಮಾದರಿಯೂ ಉಂಟು. ಅದರ ಬಗ್ಗೆ ಇಷ್ಟು ಹೇಳಿದರೆ ಸಾಕು.

ಅಡಕಗೊಳಿಸುವುದರಲ್ಲಿ ಎರಡು ಮಾರ್ಗಗಳಿವೆ. ಕೀರ್ತನೆಗಳ ಪುಸ್ತಕವನ್ನು ನೆನಪಿಗೆ ತಂದುಕೊಳ್ಳಿ. ಪ್ರತಿ ಚರಣವಾದ ಮೇಲೂ ಪಲ್ಲವಿಯನ್ನು ಹಾಡಬೇಕು. ಆದರೆ ಮುದ್ರಿಸುವವರು ಅದನ್ನು ಒಮ್ಮೆ ಮಾತ್ರ ಅಚ್ಚು ಹಾಕಿ ಉಳಿದೆಡೆ 'ಪ' ಎಂದು ಗುರುತು ಮಾಡುತ್ತಾರೆ. ಕಾಗದ ಉಳಿಯಿತು, ಹಾಡುವವನಿಗೆ ಒಂದಕ್ಷರವೂ ನಷ್ಟವಾಗಲಿಲ್ಲ. ಇದು ಮೊದಲನೆಯ ಮಾರ್ಗ, ನಷ್ಟವಿಲ್ಲದ ಅಡಕ. ಎರಡನೆಯದು ಕಥಾಸಾರದ ಮಾರ್ಗ. ಹತ್ತು ಆಶ್ವಾಸಗಳ ಕಾವ್ಯವನ್ನು ಹತ್ತು ಪುಟದಲ್ಲಿ ಹೇಳಬಹುದು, ಕಥೆ ತಿಳಿಯುತ್ತದೆ. ಆದರೆ ಆ ಹತ್ತು ಪುಟದಿಂದ ಮತ್ತೆ ಪದ್ಯಗಳನ್ನು ಪಡೆಯುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ಜಿಫ್ ಮತ್ತು ಪಿಎನ್‌ಜಿ ಮೊದಲನೆಯ ಮಾರ್ಗದವು, ಜೆಪೆಗ್ ಎರಡನೆಯದರದು.

ಜಿಫ್ ಮಾದರಿಯನ್ನು 1987ರಲ್ಲಿ ಅಮೆರಿಕದ ಕಂಪ್ಯೂಸರ್ವ್ ಸಂಸ್ಥೆ ಹೊರತಂದಿತು. ಸಾಲುಗಳಲ್ಲಿ ಮತ್ತೆ ಮತ್ತೆ ಬರುವ ಬಣ್ಣದ ವಿನ್ಯಾಸಗಳನ್ನು ಗುರುತಿಸಿ ಅವಕ್ಕೆ ಸಂಕೇತ ಕೊಡುತ್ತ ಹೋಗುವುದು ಅದರ ಕ್ರಮ. ನಮ್ಮ ಪಲ್ಲವಿಯ ಗುರುತೇ ಅದು. ಆದರೆ ಒಂದು ಚಿತ್ರದಲ್ಲಿ 256ಕ್ಕಿಂತ ಹೆಚ್ಚು ಬಣ್ಣಗಳಿಗೆ ಎಡೆಯಿಲ್ಲ. ಅದನ್ನು ರೂಪಿಸಿದ ಸ್ಟೀವ್ ವಿಲ್‌ಹೈಟ್ ಅವರು ತಮ್ಮ ಕೂಸಿನ ಹೆಸರು 'ಜಿಫ್' ಎಂದೇ ಹೊರತು 'ಗಿಫ್' ಅಲ್ಲವೆಂದು 2013ರಲ್ಲಿ ಸಾರಿದರೂ ಜನ ಒಪ್ಪಿದಂತೆ ಕಾಣಲಿಲ್ಲ. ಉಚ್ಚಾರಣೆಯ ಜಗಳ ವ್ಯಾಕರಣದ ಮೇಷ್ಟ್ರುಗಳಿಗಷ್ಟೇ ಮೀಸಲಲ್ಲವೆಂದು ನನಗೆ ಸಮಾಧಾನವಾಯಿತು.

ಜಿಫ್‌ನ ಸಂಕೇತಕ್ರಮದ ಮೇಲೆ ಯುನಿಸಿಸ್ ಎಂಬ ಕಂಪನಿಗೆ ಪೇಟೆಂಟ್ ಇತ್ತು. 1994ರ ಕೊನೆಯಲ್ಲಿ, ಜಿಫ್ ಬಳಸುವ ತಂತ್ರಾಂಶ ತಯಾರಕರು ಪರವಾನಗಿ ಪಡೆಯಬೇಕೆಂಬ ಘೋಷಣೆ ಹೊರಟಿತು. ಲೋಕವೆಲ್ಲ ಬಳಸುತ್ತಿದ್ದ ಲಿಪಿಗೆ ಇದ್ದಕ್ಕಿದ್ದಂತೆ ಸುಂಕ ಬಿದ್ದಂತಾಯಿತು. ಆಗ ಹಲವು ಮಂದಿ ತಂತ್ರಜ್ಞರು, ಯಾರ ಸಂಬಳಕ್ಕೂ ಕಾಯದೆ, ಪರಸ್ಪರ ಪತ್ರವ್ಯವಹಾರದಿಂದಲೇ 1995ರಲ್ಲಿ ಹೊಸ ಮಾದರಿಯೊಂದನ್ನು ರೂಪಿಸಿದರು. 1996ರಲ್ಲಿ ಅದು ಅಧಿಕೃತವಾಗಿ ಪ್ರಕಟವಾಯಿತು. ಅದೇ ಪಿಎನ್‌ಜಿ. ಬಣ್ಣಗಳ ಕಟ್ಟುಪಾಡಿಲ್ಲ, ಒಂದು ಬಿಂದುವೂ ನಷ್ಟವಿಲ್ಲ, ಯಾರಿಗೂ ಸುಂಕವಿಲ್ಲ. ಅಮೆರಿಕದಲ್ಲಿ ಆ ಪೇಟೆಂಟ್ 2003ರಲ್ಲಿ ತೀರಿಹೋಯಿತು, ಜಿಫ್ ಈಗ ಕುಣಿಯುವ ಚಿಕ್ಕ ಚಿತ್ರಗಳಿಗೆ ಪ್ರಸಿದ್ಧವಾಗಿ ಉಳಿದಿದೆ. ಮುದ್ರಿತ ಪುಟ, ರೇಖಾಚಿತ್ರ, ನಕ್ಷೆ ಇವಕ್ಕೆ ಪಿಎನ್‌ಜಿಯಷ್ಟು ಪ್ರಾಮಾಣಿಕನಾದ ಲಿಪಿಕಾರ ಸುಲಭವಾಗಿ ಸಿಕ್ಕುವುದಿಲ್ಲ.

ಇನ್ನು ಜೆಪೆಗ್. ಈ ಲಿಪಿಕಾರನ ವಂಶಾವಳಿಯಲ್ಲಿ ನಮ್ಮ ಬೆಂಗಳೂರಿನ ಹೆಸರು ಬರುತ್ತದೆಂಬುದು ಇಲ್ಲಿ ಬಹುಮಂದಿಗೆ ತಿಳಿಯದು. ನಾಸಿರ್ ಅಹಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಇಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋಗಿ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಚಿತ್ರದ ಅಂಕಿಗಳನ್ನು ಕೊಸೈನ್ ಅಲೆಗಳಾಗಿ ಬಿಡಿಸಿ ನೋಡುವ ಒಂದು ಉಪಾಯ ಅವರಿಗೆ ಹೊಳೆಯಿತು. ಅದಕ್ಕಾಗಿ 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಧನಸಹಾಯ ಕೇಳಿದರು. ಸಹಾಯ ದೊರೆಯಲಿಲ್ಲ, ವಿಚಾರ ತೀರ ಸರಳವಾಯಿತೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದರೆಂದು ಅಹಮದ್ ಅವರೇ ಮುಂದೆ ಬರೆದಿದ್ದಾರೆ. ಆದರೂ ಬಿಡದೆ 1973ರ ಬೇಸಗೆಯಲ್ಲಿ ಕೆಲಸ ಮಾಡಿ, ಶಿಷ್ಯ ಟಿ. ನಟರಾಜನ್ ಮತ್ತು ಗೆಳೆಯ ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಪುಟ್ಟ ಲೇಖನವೊಂದನ್ನು ಪ್ರಕಟಿಸಿದರು. 1992ರಲ್ಲಿ ಜೆಪೆಗ್ ಅಂತಾರಾಷ್ಟ್ರೀಯ ಮಾನಕವಾದಾಗ ಅದರ ಹೃದಯದಲ್ಲಿ ಇದ್ದದ್ದು ಈ 'ತೀರ ಸರಳ' ವಿಚಾರವೇ.

ಆ ವಿಚಾರವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಚಿತ್ರವನ್ನು ಉದ್ದಕ್ಕೆ ಎಂಟು, ಅಡ್ಡಕ್ಕೆ ಎಂಟು ಪಿಕ್ಸೆಲ್ಲುಗಳ ಮನೆಗಳಾಗಿ ಭಾಗಿಸುತ್ತಾರೆ. ಒಂದು ಮನೆಯಲ್ಲಿ 64 ಅಂಕಿಗಳು. ತಂಬೂರಿಯ ನಾದದಲ್ಲಿ ಮೂಲಶ್ರುತಿಯೂ ಅದರ ಮೇಲೆ ಸೂಕ್ಷ್ಮವಾದ ಅನುಸ್ವರಗಳೂ ಬೆರೆತಿರುವ ಹಾಗೆ, ಆ ಮನೆಯ ಬೆಳಕನ್ನೂ ಒಂದು ಸರಾಸರಿ ಛಾಯೆ ಮತ್ತು ಅದರ ಮೇಲಿನ 63 ಅಲೆಗಳ ಮೊತ್ತವೆಂದು ಬಿಡಿಸಬಹುದು: ಕೆಲವು ನಿಧಾನವಾದ ಅಲೆಗಳು, ಕೆಲವು ಬಹು ಸಣ್ಣ ನಿರಿಗೆಗಳು. ಇಲ್ಲಿಯವರೆಗೆ ನಷ್ಟವೇನೂ ಆಗಲಿಲ್ಲವೆನ್ನಬಹುದು. ಅಹಮದ್ ಅವರ ಗಣಿತ ನಿರ್ದೋಷಿ. ನಷ್ಟ ಆಗುವುದು ಮುಂದಿನ ಹೆಜ್ಜೆಯಲ್ಲಿ. ಮನುಷ್ಯನ ಕಣ್ಣು ಸಣ್ಣ ನಿರಿಗೆಗಳನ್ನು ಅಷ್ಟಾಗಿ ಗಮನಿಸುವುದಿಲ್ಲವೆಂಬ ಧೈರ್ಯದ ಮೇಲೆ ಅವುಗಳ ಬೆಲೆಯನ್ನು ಒರಟಾಗಿ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ತಿರುಗಿಸುತ್ತಾರೆ. ಬಹುಪಾಲು ಸೊನ್ನೆಯಾಗುತ್ತವೆ. ಸೊನ್ನೆಗಳ ಸಾಲನ್ನು ಕಟ್ಟಿಡುವುದು ಸುಲಭ. ಇದಲ್ಲದೆ ಬೆಳಕು ನೆರಳಿನಷ್ಟು ಬಣ್ಣದ ಸೂಕ್ಷ್ಮ ಕಣ್ಣಿಗೆ ತಿಳಿಯದಾದ್ದರಿಂದ ಬಣ್ಣದ ವಿವರವನ್ನು ಅನೇಕ ವೇಳೆ ಇನ್ನಷ್ಟು ಕಡಿಮೆ ಮಾಡುವುದುಂಟು. ಆಕಾಶ, ಗದ್ದೆ, ಮುಖ ಇಂಥ ಚಿತ್ರಗಳನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೂ ನೋಡುವವರಿಗೆ ವ್ಯತ್ಯಾಸ ಕಾಣುವುದು ಕಷ್ಟ. ಮದುವೆಯ ಫೋಟೋಗಳಿಗೆ ಇದಕ್ಕಿಂತ ಹೆಚ್ಚಿನದು ಬೇಡವೇ ಬೇಡ. ಜೆಪೆಗ್ಗನ್ನು ನಿಂದಿಸುವವರ ಗುಂಪಿಗೆ ನಾನು ಸೇರಿದವನಲ್ಲ.

ಆದರೆ ಅಕ್ಷರದ ಸಂಗತಿ ಬೇರೆ. ಬಿಳಿಯ ಕಾಗದದ ಮೇಲೆ ಕರಿಯ ಗೆರೆ ಥಟ್ಟನೆ ಆರಂಭವಾಗುತ್ತದೆ, ಥಟ್ಟನೆ ನಿಲ್ಲುತ್ತದೆ. ಆ ಅಂಚನ್ನು ಕಟ್ಟಿಕೊಡುವುದಕ್ಕೆ ಸಣ್ಣ ನಿರಿಗೆಗಳೇ ಬೇಕು, ಜೆಪೆಗ್ ಮೊದಲು ಎಸೆಯುವುದೂ ಅವನ್ನೇ. ಆದ್ದರಿಂದ ಹೆಚ್ಚು ಹಿಂಡಿದ ಚಿತ್ರದಲ್ಲಿ ಅಕ್ಷರದ ಸುತ್ತ ಬೂದು ಬಣ್ಣದ ನುಸಿ ಮುತ್ತಿದಂತೆ ಕಾಣುತ್ತದೆ, ಒಳಗಿನ ಸಣ್ಣ ಬಿಡುವುಗಳು ಮುಚ್ಚಿಹೋಗುತ್ತವೆ. ಕನ್ನಡದಲ್ಲಿ ಇದರ ಫಲವೇನು? 'ದನ'ಕ್ಕೂ 'ಧನ'ಕ್ಕೂ ನಡುವೆ ಇರುವುದು ಅಡಿಯಲ್ಲಿನ ಒಂದು ಸೀಳು ಮಾತ್ರ. ಬಕಾರ ಭಕಾರಗಳೂ ಹಾಗೆಯೇ; ಥಕಾರದ ಹೊಟ್ಟೆಯ ಚುಕ್ಕೆ ಹೋದರೆ ಧಕಾರ ಉಳಿಯುತ್ತದೆ. ಅಚ್ಚಿನ ಪುಸ್ತಕದಲ್ಲಾದರೆ ಸಂದರ್ಭ ನೋಡಿ ಓದಿಕೊಳ್ಳಬಹುದು. ಒಂದೇ ಒಂದು ಪ್ರತಿ ಉಳಿದಿರುವ ಕೃತಿಯಲ್ಲಿ, ಗೊತ್ತಿಲ್ಲದ ದೇಸಿ ಶಬ್ದವೊಂದು ಬಂದಾಗ, ಆ ಚುಕ್ಕೆಯೇ ಸಂಪಾದಕನಿಗಿರುವ ಏಕೈಕ ಸಾಕ್ಷಿ.

ಒಂದು ಊರಿನ ಗ್ರಂಥಭಂಡಾರದ ಸಂಗತಿಯನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಹುಳು ಹಿಡಿದಿದ್ದ ಕಾಗದದ ಹಸ್ತಪ್ರತಿಗಳನ್ನು ಬಹಳ ಉತ್ಸಾಹದಿಂದ ಸ್ಕ್ಯಾನ್ ಮಾಡಿಸಿದರು. ಜಾಗ ಉಳಿಯಲೆಂದು ಚಿಕ್ಕ ಜೆಪೆಗ್ಗುಗಳನ್ನು ಮಾತ್ರ ಇಟ್ಟುಕೊಂಡರು. ಆಮೇಲೆ ಹಾಳೆ ತಿರುಗಿಸುವುದಕ್ಕೆ ಒಮ್ಮೆ, ಅಂಚು ಕತ್ತರಿಸುವುದಕ್ಕೆ ಒಮ್ಮೆ, ಬೆಳಕು ಹೆಚ್ಚಿಸುವುದಕ್ಕೆ ಒಮ್ಮೆ ಅವನ್ನು ತೆರೆದು ಮತ್ತೆ ಮತ್ತೆ ಉಳಿಸಿದರು. ಫೈಲನ್ನು ನೋಡುವುದರಿಂದಾಗಲಿ ನಕಲು ಮಾಡುವುದರಿಂದಾಗಲಿ ಏನೂ ಕೆಡುವುದಿಲ್ಲ. ಆದರೆ ತಿದ್ದಿ ಜೆಪೆಗ್ಗಾಗಿಯೇ ಮತ್ತೆ ಉಳಿಸಿದಾಗಲೆಲ್ಲ ಕಥಾಸಾರದ ಕಥಾಸಾರ ಹುಟ್ಟುತ್ತದೆ. ಕಾಗದ ಈಗ ಪುಡಿಯಾಗಿದೆ. ಒಂದು ಯಕ್ಷಗಾನ ಪ್ರಸಂಗದ ಮಂಗಳಪದ್ಯದಲ್ಲಿ ಕವಿ ತನ್ನ ಊರನ್ನು ಹೇಳಿಕೊಂಡಿದ್ದಾನೆ. ಆ ಹೆಸರಿನ ನಡುವಿನ ಅಕ್ಷರ ಬರಿಯ ಮಸಿಯ ಮುದ್ದೆ. ಭೂತಗನ್ನಡಿ ಹಿಡಿದರೆ ಎಂಟೆಂಟರ ಮನೆಗಳು ಕಾಣುತ್ತವೆಯೇ ಹೊರತು ಅಕ್ಷರ ಕಾಣುವುದಿಲ್ಲ. ಈಗ ಆ ಫೈಲುಗಳನ್ನೇ ಟಿಫ್‌ಗೆ ಬದಲಾಯಿಸಿದರೆ ಸರಿಹೋದೀತೆ ಎಂದು ಅಲ್ಲಿಯವರು ಕೇಳಿದರು. ಹೋಗುವುದಿಲ್ಲ. ಕಥಾಸಾರವನ್ನು ತಾಮ್ರಪಟದ ಮೇಲೆ ಕೆತ್ತಿಸಿದರೂ ಕಥಾಸಾರವೇ.

ಮಸುಕಾದ ಅಕ್ಷರಕ್ಕಿಂತ ಭಯಂಕರವಾದ ಇನ್ನೊಂದು ಉಂಟು. ಕಪ್ಪು ಬಿಳುಪಿನ ಪುಟಗಳಿಗಾಗಿ ಜೆಬಿಗ್2 ಎಂಬ ಅಡಕದ ಕ್ರಮವಿದೆ. ಒಂದೇ ತೆರನಾಗಿ ಕಾಣುವ ಅಕ್ಷರಗಳನ್ನು ಗುರುತಿಸಿ, ಒಂದನ್ನು ಮಾತ್ರ ಇಟ್ಟುಕೊಂಡು ಉಳಿದೆಡೆಗಳಲ್ಲಿ ಅದನ್ನೇ ಒತ್ತುವುದಕ್ಕೆ ಅದರಲ್ಲಿ ಅವಕಾಶವುಂಟು, ಮೊಳೆ ಜೋಡಿಸುವ ಹಾಗೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕ ವಿಜ್ಞಾನಿ, ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳಲ್ಲಿ ಕಟ್ಟಡದ ನಕ್ಷೆಯೊಂದನ್ನು ಸ್ಕ್ಯಾನ್ ಮಾಡಿದಾಗ ಕೋಣೆಗಳ ವಿಸ್ತೀರ್ಣದ ಅಂಕಿಗಳೇ ಬದಲಾಗಿರುವುದನ್ನು ತೋರಿಸಿಕೊಟ್ಟರು. ಬೇರೆ ಕಾಗದಗಳಲ್ಲಿ 6 ಇದ್ದೆಡೆ 8 ಬಂದಿತ್ತು. ಕಂಪನಿ ಅದೇ ವರ್ಷ ತಂತ್ರಾಂಶವನ್ನು ಸರಿಪಡಿಸಿತು. ಮಸುಕಾದದ್ದನ್ನು ಕಂಡರೆ ನಾವು ಅನುಮಾನಿಸುತ್ತೇವೆ. ಇಲ್ಲಿ ತಪ್ಪು ಅಂಕಿ ಸ್ಫುಟವಾಗಿ, ಸ್ವಚ್ಛವಾಗಿ ಕುಳಿತಿತ್ತು. ತನಗೆ ತೋರಿದ್ದನ್ನು ಸೇರಿಸಿ ನಯಗೊಳಿಸುವ ಎರಡನೆಯ ಲಿಪಿಕಾರನೇ ಮತ್ತೆ ಹುಟ್ಟಿ ಬಂದಂತೆ. ದಕಾರ ಧಕಾರಗಳು ಅಂಥ ಯಂತ್ರದ ಕೈಗೆ ಸಿಕ್ಕಿದರೆ ಏನಾದೀತೆಂಬುದನ್ನು ನೀವೇ ಊಹಿಸಿ. ಪಿಡಿಎಫ್ ಮಾಡಿಸಿದ್ದೇವೆ, ಇನ್ನೇನು ಚಿಂತೆ ಎನ್ನುವವರಿಗೂ ಈ ಮಾತು ಸಲ್ಲುತ್ತದೆ. ಸ್ಕ್ಯಾನ್ ಮಾಡಿದ ಪುಸ್ತಕದ ಪಿಡಿಎಫ್ ಎಂಬುದು ಓಲೆಕಟ್ಟಿನ ಎರಡು ಹಲಗೆ ಮತ್ತು ದಾರ. ಒಳಗಿನ ಗರಿ ಜೆಪೆಗ್ಗೋ ಜೆಬಿಗ್ಗೋ ಮತ್ತೊಂದೋ ಎಂಬುದು ಹಲಗೆಯನ್ನು ನೋಡಿದರೆ ತಿಳಿಯುವುದಿಲ್ಲ.

ದೊಡ್ಡ ಗ್ರಂಥಾಲಯಗಳು ಮೂಲಪ್ರತಿಗೆ ಬಹುಕಾಲದಿಂದ ನೆಚ್ಚಿಕೊಂಡಿರುವುದು ಟಿಫ್ ಮಾದರಿಯನ್ನು. ಆಲ್ಡಸ್ ಎಂಬ ಕಂಪನಿ 1986ರಲ್ಲಿ ಇದನ್ನು ಪ್ರಕಟಿಸಿತು. 1992ರ ಆರನೆಯ ಆವೃತ್ತಿಯೇ ಇಂದಿಗೂ ಆಧಾರ. ಇದರಲ್ಲಿ ಅಂಕಿಗಳನ್ನು ಇದ್ದಂತೆಯೇ ಇಡಬಹುದು, ಅಥವಾ ನಷ್ಟವಿಲ್ಲದೆ ಅಡಕಗೊಳಿಸಬಹುದು. ನನಗೆ ಹೆಚ್ಚು ಪ್ರಿಯವಾದದ್ದು ಇದರ ಇನ್ನೊಂದು ಗುಣ. ಚಿತ್ರದ ಜೊತೆಗೆ ಚೀಟಿಗಳನ್ನು ಸೇರಿಸಬಹುದು: ಅಂಗುಲಕ್ಕೆ ಎಷ್ಟು ಚುಕ್ಕಿ, ಯಾವ ಯಂತ್ರ, ಯಾವ ದಿನ, ಮಾಡಿದವರು ಯಾರು. ಓಲೆಗರಿಯ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿ, ತನ್ನ ಹೆಸರು ಎಲ್ಲವನ್ನೂ ಬರೆದಿಟ್ಟ ಪ್ರಾಮಾಣಿಕ ಲಿಪಿಕಾರನ ವರ್ಗ ಇದು. ಅಲೆಗಳ ಇನ್ನೊಂದು ಗಣಿತವನ್ನು ನಂಬಿದ ಜೆಪೆಗ್ 2000 ಎಂಬುದನ್ನೂ ಕೆಲವು ಗ್ರಂಥಾಲಯಗಳು ಬಳಸುತ್ತವೆ. ಅದರಲ್ಲಿ ನಷ್ಟವಿರುವ, ಇಲ್ಲದ ಎರಡೂ ದಾರಿಗಳುಂಟು. 2010ರಲ್ಲಿ ಗೂಗಲ್ ತಂದ ವೆಬ್‌ಪಿ, 2017ರಿಂದ ಆಪಲ್ ಫೋನುಗಳು ಬಳಸುತ್ತಿರುವ ಹೈಕ್ ಇವೆಲ್ಲ ಜಾಗ ಉಳಿಸುವುದರಲ್ಲಿ ಜೆಪೆಗ್ಗಿಗಿಂತ ಜಾಣರು. ನಾಳಿನ ಜಾಣರು ಯಾರೋ.

ಮನೆಯಲ್ಲಿ ಹಳೆಯ ಬರಹಗಳನ್ನು ಇಟ್ಟುಕೊಂಡಿರುವವರು ಸ್ಕ್ಯಾನ್ ಮಾಡಿಸುವಾಗ ಅಂಗಡಿಯವರಿಗೆ ಎರಡು ಮಾತು ಹೇಳಬೇಕು: ಅಂಗುಲಕ್ಕೆ 300 ಚುಕ್ಕಿಗೆ ಕಡಿಮೆ ಬೇಡ, ಅಕ್ಷರ ಸಣ್ಣದಾದರೆ 600; ಮೂಲ ಫೈಲು ಟಿಫ್ ಆಗಿರಲಿ, ಇಲ್ಲವೆ ಪಿಎನ್‌ಜಿ. ಬಂಧುಗಳಿಗೆ ಕಳಿಸುವುದಕ್ಕೆ ಅದರಿಂದ ಜೆಪೆಗ್ ಪ್ರತಿ ಮಾಡಿಕೊಳ್ಳಬಹುದು, ತಿದ್ದುವುದನ್ನು ಮಾತ್ರ ಮೂಲದ ನಕಲಿನಲ್ಲಿಯೇ ಮಾಡಬೇಕು. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಇನ್ನಷ್ಟು ಹಿಂಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆ ಹೋಗುತ್ತದೆ. ಜಾಗ ಬಹಳ ಬೇಕಾಗುವುದೆಂಬ ಹೆದರಿಕೆಗೆ ಈಗ ಕಾರಣವಿಲ್ಲ. ಹಾಳೆಗೆ 26 ಮೆಗಾಬೈಟಿನಂತೆ 200 ಹಾಳೆಗಳ ಪುಸ್ತಕಕ್ಕೆ ಐದು ಗಿಗಾಬೈಟಿಗೆ ತುಸು ಹೆಚ್ಚು. 64 ಗಿಗಾಬೈಟಿನ ಒಂದು ಪೆನ್‌ಡ್ರೈವಿನಲ್ಲಿ ಅಂಥವು ಹನ್ನೊಂದು ಸಲೀಸಾಗಿ ಹಿಡಿಯುತ್ತವೆ. ಪೆನ್‌ಡ್ರೈವಿಗೂ ಆಯುಸ್ಸು ಉಂಟಾದ್ದರಿಂದ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿಯೋ ತಮ್ಮನ ಮನೆಯಲ್ಲಿಯೋ ಇರುವುದು ಒಳ್ಳೆಯದು.